ಅಪ್ಪ ಕೊನೆಯವರೆಗೂ ಓದಿದ ಪುಟ

ನಾಗಸಂದ್ರ, ಬೆಂಗಳೂರು
೧೦ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ಪುಣೆಯಲ್ಲಿ ಚಳಿ ಶುರುವಾಗಿರಬೇಕು, ನಿನ್ನ ಒಣಕೆಮ್ಮು ಹೋಯಿತಾ? ಇಲ್ಲಿ ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ವಿಷಯ ಬಂದರೆ ನೀನು ಮಾತು ತಿರುಗಿಸುತ್ತೀ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಕಾಗದ.

ನೀನು ನಿಶ್ಚಿತಾರ್ಥ ಮುರಿದು ಪುಣೆಯ ಶಾಲೆಯ ಕೆಲಸಕ್ಕೆ ಹೋಗಿ ಎರಡು ವರ್ಷ. ಅಂದಿನಿಂದ ಅಪ್ಪ ನಿನ್ನ ಹೆಸರೆತ್ತಿಲ್ಲ, ನಿನಗೇ ಗೊತ್ತು. ಕಳೆದ ತಿಂಗಳು ಆ ಜಾಲಪತ್ರಿಕೆಯಲ್ಲಿ ನೀನು ಅವರ ಬಗ್ಗೆ ಬರೆದ ಲೇಖನ ಬಂದಾಗ, ಧೈರ್ಯ ಮಾಡಿ ನಾನೇ ಅವರ ಫೋನಿಗೆ ಲಿಂಕ್ ಕಳಿಸಿದ್ದೆ. ನಿನಗೆ ಹೇಳಿರಲಿಲ್ಲ. ಅವರು ತೆರೆದಿದ್ದೇ ತಡ, ರಮ್ಮಿ ಆಟದ ಜಾಹೀರಾತು ಪುಟದ ತುಂಬ ಹರಡಿಕೊಂಡಿತು. ಮುಚ್ಚಲು ಹೋಗಿ ಅದರ ಮೇಲೇ ಬೆರಳಿಟ್ಟರು. ಇಸ್ಪೀಟು ಎಲೆಗಳು ಹಾರಾಡಿ, ಯಾರೋ ಹಾಡತೊಡಗಿದರು. "ಇಕಿ ಇಸ್ಪೀಟ ಆಡಸವ್ರ ಪೇಪರಿಗೆ ಬರಿಯಾಕತ್ತಾಳೇನು? ಮನೀ ಬಿಟ್ಟು ಹೋಗಿದ್ದು ಇದಕ್ಕೇನು?" ಎಂದು ಫೋನನ್ನು ಮಗುಚಿಟ್ಟರು. ನಿನ್ನ ಒಂದು ಸಾಲೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಊಟಕ್ಕೆ ಕೂತಾಗಲೂ ಅದೇ ಕೊಂಕು. ನಾನು ಕಳಿಸಲೇಬಾರದಿತ್ತು ಎಂದು ಒಳಗೇ ಕೊರಗಿದೆ.

ನಿನ್ನೆ ಲೈಬ್ರರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಅಸ್ಮಾಳಿಗೆ ಇದನ್ನು ಹೇಳಿದೆ. ಅವಳು ಬ್ರೌಸರಿನಲ್ಲಿ ವಿಳಾಸದ ಪಕ್ಕ ಇರುವ, ಹಾಳೆಯಂಥ ಒಂದು ಪುಟ್ಟ ಗುರುತು ತೋರಿಸಿದಳು. ರೀಡರ್ ವ್ಯೂ ಅಂತೆ. "ಎಂ.ಎ. ಓದಿದ್ದೇ ದಂಡ ಕಣೇ, ಓದೋ ಬಟನ್ನೇ ಗೊತ್ತಿಲ್ಲ ನಿಂಗೆ" ಎಂದು ನಕ್ಕಳು. ನಿನ್ನ ಲೇಖನ ತೆರೆದು ಅದನ್ನು ಒತ್ತಿದೆ. ಅಕ್ಕಾ, ಹೇಗೆ ಹೇಳಲಿ. ರಮ್ಮಿ ಹೋಯಿತು, ತಲೆಗೂದಲಿನ ಎಣ್ಣೆಯ ಜಾಹೀರಾತು ಹೋಯಿತು, ಬದಿಯಲ್ಲಿ ಮಿನುಗುತ್ತಿದ್ದುದೆಲ್ಲ ಹೋಯಿತು. ಕೆನೆಬಣ್ಣದ ಹಾಳೆಯ ಮೇಲೆ ನಿನ್ನ ಹೆಸರು, ಕೆಳಗೆ ಓದಲು ನಾಲ್ಕು ನಿಮಿಷ ಎಂಬ ಸೂಚನೆ. ಆಮೇಲೆ ಬರೀ ನಿನ್ನ ಮಾತು. ನೀನು ಅಪ್ಪನಿಗೆ ಹೇಳಬೇಕಿದ್ದುದೆಲ್ಲ ನಾಲ್ಕೇ ನಿಮಿಷ! ಇಷ್ಟು ದಿನ ಅದು ಆ ಗದ್ದಲದ ಅಡಿಯಲ್ಲೇ ಹೀಗೆ ಶಾಂತವಾಗಿ ಇತ್ತಲ್ಲ ಎಂದು ಮೈ ಜುಮ್ಮೆಂದಿತು.

ಇವತ್ತು ಬೆಳಿಗ್ಗೆ ಅಪ್ಪನ ಫೋನಿನಲ್ಲೂ ಹಾಗೇ ಮಾಡಿ, ಅಕ್ಷರ ದೊಡ್ಡದು ಮಾಡಿ, ಚಹಾದ ಲೋಟದ ಪಕ್ಕ ಇಟ್ಟು ಅಡುಗೆಮನೆಗೆ ಓಡಿದೆ. ಬಾಗಿಲ ಸಂದಿಯಿಂದ ನೋಡುತ್ತಾ ನಿಂತೆ. ಕಾರ್ಖಾನೆಯಲ್ಲಿ ಅಳತೆ ನೋಡುತ್ತಿದ್ದಾಗಿನಂತೆ ಒಂದು ಕಣ್ಣು ಕಿರಿದು ಮಾಡಿ, ಬೆರಳಿನಿಂದ ಮೆಲ್ಲಗೆ ಸರಿಸುತ್ತಾ ಓದಿದರು. ನಾಲ್ಕಲ್ಲ, ಇಪ್ಪತ್ತು ನಿಮಿಷ. ಮಧ್ಯದಲ್ಲೊಮ್ಮೆ ಬೆರಳು ನಿಂತೇಬಿಟ್ಟಿತು. ಲೇತ್ ಯಂತ್ರದ ಎಣ್ಣೆ ವಾಸನೆಯ ಅವರ ಅಂಗಿಗೆ ಮುಖ ಒತ್ತಿ ನಾವು ಮಲಗುತ್ತಿದ್ದುದನ್ನು ನೀನು ಬರೆದಿರುವ ಕಡೆ ಇರಬೇಕು. ಚಹಾ ಕೆನೆಗಟ್ಟಿತು. ಓದಿ ಮುಗಿಸಿ ಸ್ನಾನಕ್ಕೆ ಹೋದರು.

ಅವ್ವ ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ನಿನಗೆ ಆಶೀರ್ವಾದ ಹೇಳಿದ್ದಾಳೆ. ಬಿಸಿನೀರು ಕುಡಿ, ಗಂಟಲು ನೋಡಿಕೋ.

ನಿನ್ನ ತಂಗಿ,
ಐಶ್ವರ್ಯ

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಅಪ್ಪ ಬಂದು ಪಕ್ಕದಲ್ಲಿ ನಿಂತರು. ಕಾಗದ ಯಾರಿಗೆಂದು ಕೇಳಲಿಲ್ಲ. ‘ಅಪ್ಪ ಕಳಿಸಲು ಬರಲಿಲ್ಲ’ ಎಂದು ನೀನು ಲೇಖನದಲ್ಲಿ ಬರೆದಿರುವುದು ತಪ್ಪಂತೆ. ನೀನು ಪುಣೆಗೆ ಹೊರಟ ಸಂಜೆ ಗೊರಗುಂಟೆಪಾಳ್ಯದಲ್ಲಿ, ಮೇಲ್ಸೇತುವೆಯ ಕಂಬದ ಹಿಂದೆ, ನಿನ್ನ ಬಸ್ಸು ಹೊರಡುವವರೆಗೂ ನಿಂತಿದ್ದರಂತೆ. "ಎಡಗಡೆ ಕಿಡಕಿ, ಕೆಂಪು ಶಾಲು. ತಿದ್ದಾಕ ಹೇಳು ಅಕೀಗೆ" ಅಂದರು.