ಮೂಡಣ ಇಳಿಜಾರಿನ ಆಡುಗಳು

ಮನೂರ್ ಮಂಡಲ, ನಾರಾಯಣಖೇಡ್
ಶುಕ್ರವಾರ, ೧೪ ನವೆಂಬರ್ ೨೦೨೫, ಮಧ್ಯಾಹ್ನ ಹನ್ನೆರಡೂವರೆ

ಪ್ರೀತಿಯ ಮಗಳು ಲಾವಣ್ಯಳಿಗೆ ಅಪ್ಪನ ಆಶೀರ್ವಾದಗಳು.

ಆರೋಗ್ಯವಾಗಿರುವೆಯಷ್ಟೆ? ಉಪ್ಪುಗಾಳಿಗೆ ತುಟಿಗಳು ಒಡೆದಿವೆಯೆಂದು ಹಿಂದಿನ ಪತ್ರದಲ್ಲಿ ನೀನು ತಿಳಿಸಿದ್ದೆ. ನಿನ್ನ ಅವ್ವ ಸಣ್ಣ ಡಬ್ಬಿಯಲ್ಲಿ ತುಪ್ಪ ತುಂಬಿ ಕೊಟ್ಟಿದ್ದಾಳೆ. ತುಟಿಗೆ ಹಚ್ಚಿಕೊಳ್ಳಬೇಕಂತೆ, ಅನ್ನಕ್ಕೆ ಸುರಿದುಕೊಂಡು ಎರಡೇ ದಿನಕ್ಕೆ ಮುಗಿಸಬಾರದಂತೆ. ಇಲ್ಲಿ ನಾವೆಲ್ಲ ಕ್ಷೇಮ. ತೊಗರಿ ಹೂವಾಡಿದೆ. ಅವ್ವನ ಮೊಣಕಾಲಿನ ಬಾವು ಇಳಿದಿದೆ, ಮಾತಿನ ಭರ ಇಳಿದಿಲ್ಲ.

ಈ ಪತ್ರವನ್ನು ಅಂಚೆಗೆ ಹಾಕದೆ ನಿನ್ನ ಮೈಲಾರಿ ಕಾಕಾನ ಕೈಯಲ್ಲಿ ಕೊಟ್ಟಿದ್ದೇನೆ. ಹೆಗಲ ಮೇಲೆ ಕಂಬಳಿ ಹೊದ್ದು ಗುಡ್ಡದ ಮೇಲಿನ ನಿಮ್ಮ ಶಿಬಿರದ ಬಾಗಿಲಲ್ಲಿ ನಿಂತ ಆತನನ್ನು ಕಂಡು ಗಾಬರಿಗೊಳ್ಳಬೇಡ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನಿನ್ನೆ ಸಂಜೆಯಿಂದ ಹದಿನೇಳು ಸಲ ನಿನಗೆ ಫೋನು ಮಾಡಿದೆ. ಹದಿನೇಳು ಸಲವೂ ಆ ಯಂತ್ರದ ಹೆಣ್ಣುಮಗಳು, ನೀನು ಸಂಪರ್ಕಕ್ಕೆ ಸಿಗುತ್ತಿಲ್ಲವೆಂದು ಒಂದೇ ಸ್ವರದಲ್ಲಿ ಹೇಳಿದಳು. ಸೋಮವಾರದ ಸಭೆ ಮುಗಿಯುವವರೆಗೆ ಗುಡ್ಡದಿಂದ ಇಳಿಯುವುದಿಲ್ಲವೆಂದು ನೀನೇ ಬರೆದಿದ್ದೆ. ಆ ಸಭೆಯ ವಿಷಯವಾಗಿಯೇ ಈ ಪತ್ರ.

ನಿನ್ನ ಕೆಲಸವೇನೆಂಬುದನ್ನು ನಾನು ಅವ್ವನಿಗೆ ಹಲವು ಸಲ ವಿವರಿಸಿದ್ದೇನೆ: ಹಗಲು ಬಿಸಿಲಿನಿಂದ ವಿದ್ಯುತ್ತು ಮಿಗುವ ಹೊತ್ತಿನಲ್ಲಿ ಸಮುದ್ರದ ನೀರನ್ನು ಗುಡ್ಡದ ಮೇಲಿನ ಕೊಳಕ್ಕೆ ಏರಿಸುವುದು; ಸಂಜೆ ವಿದ್ಯುತ್ತು ಸಾಲದಾದಾಗ ಅದೇ ನೀರನ್ನು ಕೊಳವೆಯಲ್ಲಿ ಕೆಳಕ್ಕೆ ಬಿಟ್ಟು ಯಂತ್ರ ತಿರುಗಿಸುವುದು; ಉಪ್ಪುನೀರಿನಲ್ಲಿ ಇದು ಬಾಳಿಕೆ ಬರುವುದೇ ಎಂದು ನೋಡಲು ಕಟ್ಟಿದ ಪ್ರಾಯೋಗಿಕ ಕೇಂದ್ರ ನಿಮ್ಮದು. ಆಕೆ ಸಮಾಧಾನದಿಂದ ಕೇಳಿ, "ಮ್ಯಾಲ ಒಯ್ಯೂದು, ತಿರುಗಿ ಕೆಳಗ ಬಿಡೂದು, ಇಷ್ಟಕ್ಕ ನನ್ನ ಮಗಳು ನಾಕು ವರ್ಷ ಇಂಜಿನಿಯರಿಂಗ ಓದಬೇಕಾಗಿತ್ತೇನ್ರಿ?" ಎನ್ನುತ್ತಾಳೆ. ಆದರೆ ಅದೇ ಆಕೆ, ಆ ಕೊಳದ ತಳದಲ್ಲಿ ರಬ್ಬರಿನ ಹಾಸು ಹಾಸಿದ್ದಾರೆಂದಾಗ, "ಹಾಸು ಹರದ್ರ?" ಎಂದು ಕೇಳಿದ್ದಳು. ಹರಿದರೆ ಸೋರಿದ ನೀರು ಹಾಸಿನ ಕೆಳಗಿನ ಕೊಳವೆಗೆ ಬಂದು ಮಾಪಕದಲ್ಲಿ ಕಾಣಿಸುತ್ತದೆ ಎಂದು ನಾನು ಗತ್ತಿನಿಂದ ಉತ್ತರಿಸಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಗುಡ್ಡದ ಕೆಳಗಿನ ಊರಿನವರ ಮುಂದೆ ಓದಲು ನೀನು ಕನ್ನಡದಲ್ಲಿ ಸಿದ್ಧಪಡಿಸಿದ ವರದಿಯನ್ನು ಭಾಷೆ ತಿದ್ದಿಕೊಡಲೆಂದು ನನಗೆ ಕಳುಹಿಸಿದ್ದೆಯಲ್ಲ? ಅರ್ಧ ತುಂಬಿದ ಕೊಳ ಸೋರುತ್ತಿಲ್ಲ, ಮಾಪಕ ಸೊನ್ನೆ ತೋರಿಸುತ್ತಿದೆ, ಊರಿನ ಬಾವಿಗಳ ನೀರು ಸಿಹಿಯಾಗಿಯೇ ಇದೆ ಎಂಬುದು ಅದರ ಸಾರಾಂಶ. ಊರಿನವರು ಒಪ್ಪಿದರೆ ಅಂದೇ ಸಂಜೆಯಿಂದ ಕೊಳವನ್ನು ಅಂಚಿನವರೆಗೆ ತುಂಬಲಾಗುವುದು. ಮೇಲಧಿಕಾರಿ ಓದಿದರೆ ನಂಬದವರು ನೀನು ಓದಿದರೆ ನಂಬುತ್ತಾರೆಂದು ನಿನ್ನಿಂದಲೇ ಓದಿಸುತ್ತಿದ್ದಾರೆ. ಅದರ ಕೊನೆಯಲ್ಲಿ ನೀನು ಒಂದು ಸಾಲು ಬರೆದಿದ್ದೆ: "ಸಮುದ್ರಕ್ಕೆ ಬೆನ್ನು ಮಾಡಿದ ಮೂಡಣ ಇಳಿಜಾರಿನಲ್ಲಿ, ಒಂದೇ ಜಾಗದ ಕಲ್ಲುಗಳನ್ನು ಊರಿನ ಆಡುಗಳು ತಿಂಗಳಿನಿಂದ ನೆಕ್ಕುತ್ತಿವೆ, ಎರಡು ದಿನ ಮಳೆ ಸುರಿದ ಮೇಲೂ ಅಲ್ಲಿಗೇ ಬಂದವು." ಪಕ್ಕದಲ್ಲಿ ಪೆನ್ಸಿಲಿನಿಂದ, ಸಣ್ಣ ಅಕ್ಷರದಲ್ಲಿ, "ಇದು ಇರಲೋ ಬೇಡವೋ, ಅಪ್ಪಾ?" ಎಂದು ಕೇಳಿದ್ದೆ. ನಾನು ಕೆಂಪು ಶಾಯಿಯಿಂದ ಆ ಸಾಲನ್ನು ಹೊಡೆದು ಹಾಕಿ, ಅಂಚಿನಲ್ಲಿ "ಅಪ್ರಸ್ತುತ" ಎಂದು ಬರೆದೆ. ಸಾಲದೆಂಬಂತೆ, ಅಳತೆಗೆ ಸಿಕ್ಕದ್ದನ್ನು ವರದಿಯಲ್ಲಿ ಬರೆಯಬಾರದು, ಹಿರಿಯ ಅಧಿಕಾರಿಗಳ ಮುಂದೆ ಆಡಿನ ಮಾತು ನಗೆಗೀಡು ಎಂದು ಅರ್ಧ ಪುಟದ ಉಪದೇಶವನ್ನೂ ಲಗತ್ತಿಸಿದೆ. ನೀನು ನನ್ನ ಮಾತಿನಂತೆ ಆ ಸಾಲನ್ನು ಕೈಬಿಟ್ಟು ಅಚ್ಚು ಹಾಕಿಸಿರುವುದಾಗಿ ತಿಳಿಸಿದೆ.

ನಿನ್ನೆ ಸಂಜೆ ಮೈಲಾರಿಯ ಹಟ್ಟಿಗೆ ಹೋಗಿದ್ದೆ. ಆತ ಕುರಿಗಳಿಗೆಂದು ಚಪ್ಪಟೆ ಕಲ್ಲುಗಳ ಮೇಲೆ ಉಪ್ಪು ಉದುರಿಸುತ್ತಿದ್ದ. ನಿನಗೆ ನೆನಪಿರಬೇಕು: ನಾಲ್ಕು ವರ್ಷದವಳಾಗಿದ್ದಾಗ ಮರಿಗಳ ನಡುವೆ ನೀನೂ ಮಂಡಿಯೂರಿ ಆ ಕಲ್ಲು ನೆಕ್ಕಿ ಅವ್ವನಿಂದ ಪೆಟ್ಟು ತಿಂದಿದ್ದೆ. ಅದನ್ನೇ ನೆನೆದು ನಾನು ತಮಾಷೆಗಾಗಿ, "ನಿನ್ನ ಅಣ್ಣನ ಮಗಳು ವರದಿಯೊಳಗೂ ಆಡುಗಳನ್ನು ತಂದಿದ್ದಳು, ನಾನು ಅಟ್ಟಿಬಿಟ್ಟೆ" ಎಂದೆ. ಆತ ನಗಲಿಲ್ಲ. ಮುಷ್ಟಿಯಲ್ಲಿ ಉಪ್ಪು ಹಿಡಿದವನು ಹಾಗೆಯೇ ನಿಂತು, ಯಾವ ಮಗ್ಗುಲು, ಎಷ್ಟು ದಿನ, ಮಳೆ ಬಿದ್ದ ಮೇಲೂ ಬಂದವೆ, ಒಂದೇ ಜಾಗವೆ ಎಂದು ಕೇಳುತ್ತ ಹೋದ. ನಾನು ಉತ್ತರಿಸಿದೆ, ನಿನ್ನ ಸಾಲು ನನಗೆ ಅಕ್ಷರಶಃ ನೆನಪಿತ್ತು. ಗಾಳಿ ತಂದ ಉಪ್ಪು ಎಲ್ಲೆಡೆಯೂ ಇರುತ್ತದೆಂದು ನಿಮ್ಮ ಮುಖ್ಯ ಇಂಜಿನಿಯರರು ಹೇಳಿದರೆಂದು ನೀನು ಬರೆದಿದ್ದನ್ನೂ ಹೇಳಿದೆ.

"ಗಾಳಿ ಉಪ್ಪಾದ್ರ ಸಮುದ್ರದ ಕಡಿ ಮಗ್ಗಲ ನೆಕ್ಕಬೇಕಲ್ಲ ಅಣ್ಣಾ? ಮಳಿ ತೊಳದ ಮ್ಯಾಲ ಬಿಡಬೇಕಲ್ಲ? ಆಡು ಸುಮ್ಮ ಕಲ್ಲು ನೆಕ್ಕಂಗಿಲ್ಲ. ಉಪ್ಪು ಒಳಗಿಂದ ಬರಲಾಕತ್ತದ." ಮಾಪಕದ ಮಾತೆತ್ತಿದೆ. "ನೀವು ಗಡಗಿ ಇಟ್ಟಲ್ಲೇ ಸೋರಬೇಕಂತ ಮಾಳಗಿಗೆ ಏನರ ಹುಕುಂ ಅದನ?" ಎಂದ. ಬಾವಿಗಳಿನ್ನೂ ಸಿಹಿಯಾಗಿವೆ ಎಂದೆ. "ಇವತ್ತ ಕಲ್ಲಿಗಿ ಬಂದದ, ನಾಳಿ ಬಾವಿಗಿ ಬರ್ತದ" ಎಂದು ಮುಷ್ಟಿಯ ಉಪ್ಪನ್ನು ಕಲ್ಲಿನ ಮೇಲೆ ಉದುರಿಸಿ, ಮತ್ತೆ, "ಮಾಸ್ತರಕಿ ಮಾಡಿ ಮಾಡಿ ಕುರಿ ಮರ್ತಿ ನೀ. ಕೂಸು ಮರ್ತಿಲ್ಲ" ಎಂದ. ಅರುವತ್ತೆಂಟು ವರ್ಷದಲ್ಲಿ ನನ್ನ ತಮ್ಮ ನನಗೆ ಎದುರಾಡಿದ್ದು ಇದೇ ಮೊದಲು.

ರಾತ್ರಿಯೆಲ್ಲ ನನ್ನ ಕಣ್ಣಿಗೆ ಬಂದವಳು ನಿನಗೆ ದಿನವೂ ಮಜ್ಜಿಗೆ ಕೊಡುವ ಆ ರುಕ್ಮಿಣಿಬಾಯಿ. ಆಡುಗಳು ಆಕೆಯವೇ ಅಲ್ಲವೆ? ಆಕೆಯ ಬಾವಿ ಮೂಡಣ ಇಳಿಜಾರಿನ ಬುಡದಲ್ಲಿದೆಯೆಂದೂ, ಬೇಸಗೆಯಲ್ಲಿ ಅರ್ಧ ಊರು ಅದೊಂದರಿಂದಲೇ ಕುಡಿಯುತ್ತದೆಯೆಂದೂ ನೀನೇ ಬರೆದಿದ್ದೆ. ಅರ್ಧ ಕೊಳಕ್ಕೇ ಕಲ್ಲು ಒಸರುತ್ತಿದ್ದರೆ ತುಂಬಿದ ಕೊಳದ ಭಾರಕ್ಕೆ ಏನಾದೀತು? ಉಪ್ಪು ಹೊಕ್ಕ ಬಾವಿ ನಮ್ಮ ಆಯುಷ್ಯದಲ್ಲಿ ಮತ್ತೆ ಸಿಹಿಯಾಗುವುದೆಂಬ ಭರವಸೆ ಯಾರು ಕೊಡುತ್ತಾರೆ? ಆಕೆ ಸೋಮವಾರ ಮುಂದಿನ ಸಾಲಿನಲ್ಲಿ ಕುಳಿತು, ನೀನು ಓದಿದ್ದಕ್ಕೆ ಹೂಂಗುಟ್ಟುತ್ತಾಳೆ. ನನ್ನ ಕೆಂಪು ಗೆರೆಗೆ ಆಕೆ ಒಪ್ಪಿಗೆ ಕೊಟ್ಟಂತಾಗುತ್ತದೆ.

ಆದಕಾರಣ ಮೈಲಾರಿ ಹೊರಟಿದ್ದಾನೆ. ನಾರಾಯಣಖೇಡದ ಬಸ್ಸಿನಲ್ಲಿ ಜಹೀರಾಬಾದು, ಅಲ್ಲಿಂದ ಕರಾವಳಿಯ ಕಡೆಗೆ ಹೆದ್ದಾರಿಯ ಬಸ್ಸು. ನಾಳೆ ಸಂಜೆಗೆ ನಿನ್ನಲ್ಲಿರಬೇಕು. ಸಮುದ್ರವನ್ನು ಆತ ಈವರೆಗೆ ಕಂಡವನಲ್ಲ. ಮೊದಲು ಅದನ್ನು ತೋರಿಸಲು ಹೋಗಬೇಡ, ಇಳಿಜಾರಿಗೆ ಕರೆದುಕೊಂಡು ಹೋಗು. ಆತ ತೋರಿಸಿದಲ್ಲಿ ಮೊಳದಷ್ಟು ಅಗೆಸಿ, ಒಳಗಿನ ಹಸಿ ಮಣ್ಣನ್ನು ಉಪ್ಪು ಅಳೆಯುವ ನಿನ್ನ ಯಂತ್ರದಿಂದ ಪರೀಕ್ಷಿಸು. ಮಣ್ಣು ಸಪ್ಪೆಯಾಗಿದ್ದರೆ ನಾವಿಬ್ಬರು ಮುದುಕರು ನಗೆಗೀಡಾಗುತ್ತೇವೆ, ಅಷ್ಟೆ. ಉಪ್ಪಾಗಿದ್ದರೆ ಆ ಸಾಲನ್ನು ವರದಿಯ ಕೊನೆಯಲ್ಲಲ್ಲ, ಮೊದಲಲ್ಲಿ ಓದು.

ಅವ್ವನ ಆಶೀರ್ವಾದ ತುಪ್ಪದ ಡಬ್ಬಿಯಲ್ಲಿದೆ. ರುಕ್ಮಿಣಿಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಹಿತವನ್ನೇ ಬಯಸುವ
ಅಪ್ಪ,
ಮಾಣಿಕಪ್ಪ

ಮರೆತದ್ದು: ಆಟೋ ಬಂದು ನಿಂತಿದೆ, ಮೈಲಾರಿ ಕೂಗುತ್ತಿದ್ದಾನೆ, ಅಕ್ಷರ ಕೆಟ್ಟರೆ ಕ್ಷಮಿಸು. ಡಿಸೆಂಬರಿಗೆ ನಿನ್ನ ನೇಮಕಾತಿಯ ಅವಧಿ ಮುಗಿಯುತ್ತದೆಂದೂ, ಅದನ್ನು ಮುಂದುವರಿಸುವುದು ಅದೇ ಮುಖ್ಯ ಇಂಜಿನಿಯರರ ಕೈಯಲ್ಲಿದೆಯೆಂದೂ ನನಗೆ ಗೊತ್ತಿದೆ. ಆ ಸಾಲನ್ನು ಹೊಡೆಯುವಾಗಲೂ ಗೊತ್ತಿತ್ತು. ಅಪ್ರಸ್ತುತ ಎಂದು ಬರೆದದ್ದು ಸುಳ್ಳು, ಮಗಳೇ. ನನಗೆ ಭಯವಾಗಿತ್ತು. ನನ್ನಲ್ಲಿ ಉಳಿದ ಇನ್ನೊಂದು ಪ್ರತಿಯಲ್ಲೂ ಅದೇ ಗೆರೆ ಎಳೆದಿಟ್ಟುಕೊಂಡಿದ್ದೆ. ಆ ಹಾಳೆಯನ್ನು ಇದರೊಳಗೆ ಮಡಚಿಟ್ಟಿದ್ದೇನೆ. ಗೆರೆಯ ಕೆಳಗೆ, ಹೊಡೆದವನು ನಾನು ಎಂದು ಬರೆದು ಸಹಿ ಮಾಡಿದ್ದೇನೆ. ಯಾರಾದರೂ ಕೇಳಿದರೆ ಸಭೆಯಲ್ಲಿ ಎಲ್ಲರಿಗೂ ತೋರಿಸು. ಕೆಲಸ ಹೋದರೆ ಹೋಗಲಿ. ಪೆನ್ಸಿಲಿನಿಂದ ನೀನು ಕೇಳಿದ ಪ್ರಶ್ನೆಗೆ ಈಗ ಸರಿಯಾದ ಉತ್ತರ ಬರೆಯುತ್ತಿದ್ದೇನೆ: ಇರಲಿ.