ಮೊಮ್ಮಗಳ ಮೇಲಿನ ದೂರು ಮತ್ತು ಶುಕ್ರವಾರದ ಐಸ್

ಐಸ್ ಅಂಗಣದ ಸಮಯ ಹಂಚುವ ಅಧಿಕಾರವುಳ್ಳ ಮಾನ್ಯರೇ,

ಹನ್ನೊಂದು ವರ್ಷದ ನನ್ನ ಮೊಮ್ಮಗಳು ನಿಸರ್ಗ ಇಂದು ನಿಮ್ಮ ದಾಖಲೆಗಳಲ್ಲಿ ಆರೋಪಿ. ದೂರುದಾರ ನಾನು ಎಂದು ನೀವು ನಮೂದಿಸಿದ್ದೀರಿ. ವಿಚಾರಣೆ ಮುಗಿಯುವವರೆಗೆ ಆಕೆಯ ತಂಡಕ್ಕೆ ಐಸ್ ಇಲ್ಲವೆಂದು ಆದೇಶಿಸಿದ್ದೀರಿ. ಅಬುಧಾಬಿಯಲ್ಲಿ ಮಕ್ಕಳ ಐಸ್ ಹಾಕಿ ಪಂದ್ಯಾವಳಿ ಮುಂದಿನ ಭಾನುವಾರ. ಅದಕ್ಕೆ ಮೊದಲು ಅಭ್ಯಾಸಕ್ಕೆ ಉಳಿದಿರುವುದು ಒಂದೇ ಶುಕ್ರವಾರ. ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಕೊಟ್ಟದ್ದು ಅಭ್ಯಾಸದ ಯೋಜನೆ.

ಇದನ್ನು ಕನ್ನಡ ಸಂಘದ ವಾರಪತ್ರಿಕೆಯಲ್ಲಿ, ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನನ್ನ ಇಂಗ್ಲಿಷಿನಿಂದ ಆದ ಅನಾಹುತ ಒಂದು ಬಾರಿಗೆ ಸಾಕು. ನಿಮ್ಮ ಕೌಂಟರಿನಲ್ಲಿ ನಮ್ಮ ಕರಾವಳಿಯವರಿದ್ದಾರೆ, ಓದಿ ಹೇಳುತ್ತಾರೆ.

ನಡೆದದ್ದಿಷ್ಟು. ಲಿಖಿತ ಯೋಜನೆ ಸಲ್ಲಿಸದ ತಂಡಕ್ಕೆ ಅಂಗಣವಿಲ್ಲ ಎಂಬ ನಿಯಮವನ್ನು ತಾವು ಹೊರಡಿಸಿದಿರಿ. ನಮ್ಮ ತರಬೇತುದಾರ ಕಾನ್ರಾಡ್ ಕರಾವಳಿಯವನೇ, ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಈ ದೇಶಕ್ಕೆ ಬಂದ ಹೊಸತರಲ್ಲಿ ಐಸ್ ಅಂಗಣವೊಂದರಲ್ಲಿ ಸ್ಕೇಟ್ ಬಾಡಿಗೆಗೆ ಕೊಡುವ ಕೆಲಸದಲ್ಲಿದ್ದುಕೊಂಡೇ ಆಟ ಕಲಿತವನು. ಆತ ಫೋನಿನಲ್ಲಿ, "ಶಾಮಣ್ಣ, ಅದು ನಿಮ್ಮ ಕೈಯಿಂದಲೇ ಆಗ್ಬೇಕು ಮಾರಾಯ್ರೆ. ನನ್ನ ಇಂಗ್ಲಿಷ್ ನೋಡಿದ್ರೆ ಆಫೀಸಿನವ್ರು ಹಲ್ಲು ಕಿಸೀತಾರೆ" ಎಂದ. ಪುತ್ತೂರಿನ ತಾಲೂಕು ಕಚೇರಿಯ ಜಗಲಿಯಲ್ಲಿ ಮೂವತ್ತೊಂದು ವರ್ಷ ಕುಳಿತು ಜನರಿಗೆ ಅರ್ಜಿ ಬರೆದುಕೊಟ್ಟ ಕೈ ಇದು. ಹೆಮ್ಮೆಯಿಂದ ಒಪ್ಪಿಕೊಂಡೆ.

ತಂಡದ ದೋಷ ಎಲ್ಲರಿಗೂ ತಿಳಿದದ್ದೇ. ಆ ರಬ್ಬರಿನ ಬಿಲ್ಲೆ, ಅಂದರೆ ಪಕ್, ಕೋಲಿಗೆ ಸಿಕ್ಕಿತೆಂದರೆ ನಿಸರ್ಗ ಬಿಡುವುದಿಲ್ಲ. ಒಬ್ಬಳೇ ಅಂಗಣದ ಆ ತುದಿಯವರೆಗೂ ಓಡುತ್ತಾಳೆ. ಅಲ್ ಬರ್ಷಾದಿಂದ ಬರುವ ಜೊತೆಯಾಟಗಾರ್ತಿ ರುಬೀನ ಖಾಲಿ ಜಾಗದಲ್ಲಿ ನಿಂತು, "ಪಾಸ್ ಮಾಡೇ! ನಾನೇನು ಇಲ್ಲಿ ಐಸ್ ಕಾಯ್ಲಿಕ್ಕೆ ನಿಂತದ್ದಾ?" ಎಂದು ಕೂಗುತ್ತಾಳೆ. ಆದ್ದರಿಂದ ಯೋಜನೆಯ ತಿರುಳು ಶೀಘ್ರವಾಗಿ ಪಾಸ್ ಮಾಡುವುದು. ಮೂವರು ಮಕ್ಕಳು ತ್ರಿಕೋನವಾಗಿ ನಿಲ್ಲುವುದು, ಕಸಿಯಲು ಯತ್ನಿಸುವ ಒಬ್ಬರು ನಡುವೆ, ಎರಡು ಎಣಿಸುವುದರೊಳಗೆ ಪಕ್ ಕೋಲಿನಿಂದ ಕೋಲಿಗೆ. ಬಳಿಕ ತ್ರಿಕೋನವೇ ಚಲಿಸುವುದು. ಕೊನೆಯ ಹತ್ತು ನಿಮಿಷ ಆಟ. ಮೂರು ಪಾಸ್ ಇಲ್ಲದ ಗೋಲು ಲೆಕ್ಕಕ್ಕಿಲ್ಲ.

ಇದನ್ನೇ ನಾನು ನನಗೆ ಗೊತ್ತಿದ್ದ ಒಂದೇ ಶೈಲಿಯಲ್ಲಿ, ಅಂದರೆ ಅರ್ಜಿಯ ಶೈಲಿಯಲ್ಲಿ, ಇಂಗ್ಲಿಷಿಗೆ ಇಳಿಸಿದೆ. ಕನ್ನಡದಲ್ಲಿ ಹೇಳುವುದಾದರೆ: "ಸದರಿ ನಿಸರ್ಗ ಎಂಬಾಕೆ ಪಕ್ಕನ್ನು ತನ್ನ ಸ್ವಾಧೀನದಲ್ಲಿ ಅನಧಿಕೃತವಾಗಿ ಇರಿಸಿಕೊಳ್ಳುವ ರೂಢಿಯುಳ್ಳವಳಾಗಿದ್ದು, ಇದರಿಂದ ಇತರ ಹತ್ತು ಮಕ್ಕಳಿಗೆ ತೀವ್ರ ಅನ್ಯಾಯವಾಗುತ್ತಿರುವುದರಿಂದ, ಆಕೆಯನ್ನು ಸೂಕ್ತವಾಗಿ ನಿರ್ಬಂಧಿಸಬೇಕಾಗಿ ಪ್ರಾರ್ಥನೆ." ಒಂಬತ್ತು ಪುಟ. ಕೆಳಗೆ ಸಹಿ, ದಿನಾಂಕ, ಸ್ಥಳ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಮಾನ್ಯರೇ, ಎರಡನೆಯ ಪುಟದಲ್ಲಿ ತ್ರಿಕೋನದ ಚಿತ್ರವಿತ್ತಲ್ಲ? ಯಾವ ದೂರುದಾರ ಆರೋಪಿಯನ್ನು ತ್ರಿಕೋನದ ಮೂಲೆಯಲ್ಲಿ ನಿಲ್ಲಿಸಿ ಚಿತ್ರ ಬರೆಯುತ್ತಾನೆ? ಕಾಗದವು ನಿಮ್ಮಲ್ಲಿ ಮೇಜಿನಿಂದ ಮೇಜಿಗೆ ಹೋದ ವೇಗವನ್ನು ಕಂಡರೆ, ನಮ್ಮ ಮಕ್ಕಳ ತರಬೇತಿಗೆ ನಿಮ್ಮ ಸಿಬ್ಬಂದಿಯೇ ಸಾಕೆನಿಸುತ್ತದೆ. ಯಾರೊಬ್ಬರೂ ಎರಡು ಎಣಿಸುವಷ್ಟು ಹೊತ್ತು ಇಟ್ಟುಕೊಂಡಿಲ್ಲ. ಯಾರೂ ಓದಲಿಲ್ಲ ಎಂಬುದೊಂದೇ ಕೊರತೆ.

ನಾಲ್ಕು ಬಾರಿ ಬಂದು ವಿನಂತಿಸಿದೆ. ಹೊರಗಿನ ಬಿಸಿಲಿನಲ್ಲಿ ಬೆವರಿ, ಒಳಗಿನ ಚಳಿಗೆ ಶಾಲು ಹೊದ್ದು, ನಿಮ್ಮ ಕೌಂಟರಿನ ಮುಂದೆ ನಿಂತೆ. ಅಲ್ಲಿದ್ದ ಉಳ್ಳಾಲದ ಹುಡುಗ ರಿಯಾಝ್ ಪಾಪ, ತಲೆ ತಗ್ಗಿಸಿ ಹೇಳಿದ: "ಅಂಕಲ್, ನಿಮ್ಮದು ಕಂಪ್ಲೇಂಟಿನಲ್ಲಿ ಹೋಗಿ ಆಗಿದೆ. ಸಿಸ್ಟಮ್‌ಗೆ ಬಿದ್ರೆ ಖಲಾಸ್. ವಾಪಸ್ ತಗೊಳ್ಲಿಕ್ಕೆ ಆರೋಪಿಯ ಉತ್ತರ ಬೇಕಂತೆ."

"ಆರೋಪಿ ಐದನೇ ಕ್ಲಾಸು ಮಾರಾಯಾ!"

"ಗೊತ್ತುಂಟು ಅಂಕಲ್. ಆದ್ರೆ ಫಾರ್ಮಿನಲ್ಲಿ ವಯಸ್ಸಿನ ಕಾಲಮೇ ಇಲ್ಲ."

ನಿಮ್ಮ ನೋಟಿಸು ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಗೆ ಇಮೇಲಿನಲ್ಲಿ ಬಂತು. ತೆರೆದು ಓದಿದವಳು ನಿಸರ್ಗಳೇ. "ಅಜ್ಜಾ, ಯು ಕಂಪ್ಲೇಂಡ್ ಅಬೌಟ್ ಮೀ?" ಎಂದಳು. ವಿವರಿಸಲು ಹೊರಟೆ. ಆಕೆ ಅಷ್ಟರಲ್ಲಿ ನೋಟಿಸಿಗೆ ಲಗತ್ತಿಸಿದ್ದ ನನ್ನ ಒಂಬತ್ತು ಪುಟಗಳನ್ನೂ ಓದಿದ್ದಳು. "ನಾನು ಪಾಸ್ ಮಾಡಲ್ಲ ಅಂತ ನನಗೇ ಹೇಳ್ಬಹುದಿತ್ತಲ್ಲ" ಎಂದು ಹೇಳಿ, ಸ್ಕೇಟುಗಳನ್ನು ಕಪಾಟಿನ ಮೇಲಕ್ಕೆ ಎಸೆದಳು. ತಂಡದ ಮಕ್ಕಳೆಲ್ಲರೂ ತನ್ನಿಂದಲೇ ಐಸ್ ಹೋಯಿತೆಂದು ನಂಬಿದ್ದಾರೆ ಎಂಬುದು ಅವಳ ನಂಬಿಕೆ. ನಾಲ್ಕು ದಿನವಾಯಿತು, ಆಕೆ ನನ್ನೊಡನೆ ಮಾತನಾಡಿಲ್ಲ. ಪಂದ್ಯಕ್ಕೆ ಬರುವುದಿಲ್ಲವೆಂದು ತಾಯಿಗೆ ಹೇಳಿದ್ದಾಳೆ.

ಜಗಲಿಯಲ್ಲಿ ಕುಳಿತು ಸಾವಿರಾರು ಜನರ ಪರವಾಗಿ "ಪ್ರಾರ್ಥಿಸುತ್ತೇನೆ" ಎಂದು ಬರೆದಿದ್ದೇನೆ. ನಿಜ ಹೇಳುವುದಾದರೆ, ಆ ಪದ ಅಂದು ನನಗೆ ಕೇವಲ ಕೊನೆಯ ಸಾಲು; ಬರೆದು, ಮಸಿ ಒಣಗಿಸಿ, ಮುಂದಿನವನನ್ನು ಕರೆಯುತ್ತಿದ್ದೆ. ಬರೆಸಲು ಬಂದವರು ಎದುರಿಗೆ ಕುಳಿತು ನನ್ನ ಕೈಯನ್ನೇ ಏಕೆ ಹಾಗೆ ನೋಡುತ್ತಿದ್ದರೆಂದು ಈ ವಾರ ತಿಳಿಯಿತು.

ಆದ್ದರಿಂದ ಅಲಂಕಾರವಿಲ್ಲದೆ ಕೇಳುತ್ತೇನೆ. ಕಡತದಿಂದ ನಿಸರ್ಗಳ ಹೆಸರನ್ನು ತೆಗೆಯಿರಿ. ಯಾರಾದರೂ ಆರೋಪಿ ಇರಲೇಬೇಕಾದರೆ ನನ್ನ ಹೆಸರು ಹಾಕಿಕೊಳ್ಳಿ. ಉತ್ತರವನ್ನೂ ಕೊಡುತ್ತೇನೆ, ಇನ್ನು ನಿಮ್ಮ ಅಂಗಣದ ಮೆಟ್ಟಿಲು ಹತ್ತಬೇಡ ಎಂದರೆ ಅದಕ್ಕೂ ಸಿದ್ಧ. ಈ ಶುಕ್ರವಾರ ಸಂಜೆ ಆರರಿಂದ ಏಳರವರೆಗೆ ಹನ್ನೊಂದೂ ಮಕ್ಕಳಿಗೆ ಐಸ್ ಕೊಡಿ. ಹತ್ತು ಮಂದಿಗಲ್ಲ, ಹನ್ನೊಂದು. ಕೊಟ್ಟಿದ್ದೀರೆಂಬ ಕಾಗದವನ್ನು ಮಾತ್ರ ದಯವಿಟ್ಟು ನನಗೆ ಕಳಿಸಬೇಡಿ. ಆಕೆಯ ಹೆಸರಿಗೇ ಕಳಿಸಿ.

ಇಂತಿ,
ಬೇರೆ ರೀತಿಯಲ್ಲಿ ಬರೆಯಲು ಈ ವಯಸ್ಸಿನಲ್ಲಿ ಕಲಿಯುತ್ತಿರುವ,
ಶಾಮಸುಂದರ
ಆರೋಪಿಯ ಅಜ್ಜ