ಒಳಗೆ ಕರೆಯುವ ದಿನ

ಮೊಳಕಾಲ್ಮೂರು,
ಫೆಬ್ರವರಿ ೧೯೦೭

ಚಳ್ಳಕೆರೆಯ ಪಾದ್ರಿ ಅಯ್ಯನವರಿಗೆ ಉಪದೇಶಿ ಯೋಹಾನನು ಮಾಡುವ ವಂದನೆಗಳು.

ಊರೂರಲ್ಲಿ ತೋರಿಸಿ ಸಾರಲೆಂದು ತಾವು ಕೊಟ್ಟಿದ್ದ ನರಕದ ಚಿತ್ರಪಟವನ್ನು ಗಾಡಿಯವನ ಕೈಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ಪಟವೇನೂ ಹರಿದಿಲ್ಲ, ಆದರೆ ಅದನ್ನು ಇನ್ನೊಮ್ಮೆ ಬಿಚ್ಚಲು ನನಗೆ ಮುಖವಿಲ್ಲ.

ಮೊನ್ನೆ ನನ್ನ ಹುಟ್ಟೂರು ಕೊಂಡ್ಲಹಳ್ಳಿಯ ಕಟ್ಟೆಯ ಮುಂದೆ ಅದನ್ನು ತೋರಿಸಿ, ಈ ಬೆಂಕಿ ಎಂದೆಂದಿಗೂ ಆರುವುದಿಲ್ಲ ಎಂದು ಸಾರಿದೆ. ಕುಲದ ಯಜಮಾನ ಕ್ಯಾತಪ್ಪನವರು, "ತಪ್ಪು ಮಾಡ್ದೋರನ್ನ ನಾವೂ ಕುಲದಿಂದ ಹೊರಗಿಡ್ತೀವಿ. ಆದ್ರೆ ಒಂದಿನ ನೀರು ಕೊಟ್ಟು ಒಳಕ್ಕೆ ಕರ್ಕಂತೀವಿ. ನಿಮ್ಮ ದೇವ್ರು ಯಾವಾಗ ಕರೀತಾನೆ?" ಎಂದು ಕೇಳಿದರು.

"ಎಂದಿಗೂ ಇಲ್ಲ" ಎಂದೆ.

"ನಿಮ್ಮವ್ವ ಸೂರಮ್ಮನ್ನೂ ಕರಿಯಲ್ವಾ?"

ಕಳೆದ ಸುಗ್ಗಿಯಲ್ಲಿ ಅವ್ವ ದೀಕ್ಷಾಸ್ನಾನವಿಲ್ಲದೆ ತೀರಿಕೊಂಡದ್ದು ತಮಗೆ ಗೊತ್ತು. ನಾನು ಕಲಿತ ಪಾಠವನ್ನೇ ಒಪ್ಪಿಸಿದೆ. ಅವಳನ್ನೂ ಕರೆಯುವುದಿಲ್ಲ ಎಂದುಬಿಟ್ಟೆ. ಯಾರೂ ಬೈಯಲಿಲ್ಲ. ನನ್ನ ಮುಖ ನೋಡಲಾರದೆ ಎಲ್ಲರೂ ನೆಲ ನೋಡಿದರು.

ದೀಕ್ಷಾಸ್ನಾನ ಪಡೆದಂದಿನಿಂದ ನಾನು ಆ ಕುಲಕ್ಕೆ ಹೊರಗಿನವನು. ಕ್ಯಾತಪ್ಪನವರು ಎದ್ದು ಬಂದು ನನ್ನ ಬೊಗಸೆಗೆ ನೀರು ಹೊಯ್ದರು. "ಅವ್ವನ್ನ ಹಿಂಗೆ ಕಳ್ಕಂಡೋನು ಹೊರಗೆ ಕೂತ್ಕಬಾರ್ದು. ಬಾರಪ್ಪ ಚಿತ್ತಪ್ಪ, ಉಣ್ಣು ಬಾ" ಎಂದು ನನ್ನ ಹಳೆಯ ಹೆಸರು ಹಿಡಿದು ಕರೆದರು. ಹೋದೆ. ತಲೆ ಎತ್ತದೆ ಉಂಡೆ.

ಇದಕ್ಕಾಗಿ ತಾವು ನನ್ನನ್ನು ಸಭೆಯಿಂದ ಹೊರಗಿಟ್ಟರೆ ಎದುರಾಡುವುದಿಲ್ಲ. ಎಲ್ಲಿಯವರೆಗೆ ಎಂಬುದನ್ನು ಮಾತ್ರ ದಯಮಾಡಿ ಬರೆದು ತಿಳಿಸಬೇಕು.

ತಮ್ಮ ಸೇವಕ,
ಯೋಹಾನ